ಕಿರೀಟದ ಪುಟ್ಟಿಯಲ್ಲಿ ಸಿಕ್ಕ ಸಿಂಬೆ

ರಾಧ ನಮ್ಮ ಬಾಗಿಲು ಬಡಿದ ಸದ್ದು ಆಂಡರ್ಸನ್‌ಪೇಟೆಯಿಂದ ಕ್ಯಾಸಂಬಳ್ಳಿಯವರೆಗೂ ಕೇಳಿಸಿರಬೇಕು. ಹಿತ್ತಲಲ್ಲಿ ಅವರೆಕಾಳು ಹಿಸುಕುತ್ತಿದ್ದವಳು ಕೈ ಒರೆಸಿಕೊಂಡು ಬಂದು ತೆಗೆದೆ. ಮೂವತ್ತೈದರ ಆಸುಪಾಸಿನ ಹೆಂಗಸು. ತಲೆ ಬಾಚಿರಲಿಲ್ಲ. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಗಂಡಸರ ಚಪ್ಪಲಿ.

"ಅಲ್ಲ್ ಮಾಡೋ ಅರುಣಮ್ಮೋರ ಮನೆ ಇದೇನಾ ಅಜ್ಜಿ?"

"ಇದೇ ಕಣಮ್ಮ. ಅಲ್ಲ್ ನೋವಾ, ಇಲ್ಲ ಗಂಡನ್ ನೋವಾ?" ಎಂದೆ.

ತಮಾಷೆ ಮಾಡದೆ ನನಗೆ ಬಾಯಿ ತೆರೆಯಲು ಬರುವುದಿಲ್ಲ. ಆದರೆ ಆಕೆ ಹೊಸ್ತಿಲ ಮೇಲೇ ಕುಸಿದು ಕೂತು ಅಳತೊಡಗಿದಳು. ನನ್ನ ನಾಲಿಗೆಗೆ ನಾನೇ ಬರೆ ಹಾಕಬೇಕೆನಿಸಿತು.

ಅರುಣಕುಮಾರಿ ನನ್ನ ಮನೆಯ ಮುಂದಿನ ಕೋಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ದೀಪದ ಕೆಳಗೆ ಕೂತು ಮುರಿದ ಹಲ್ಲಿಗೆ ತೊಡಿಸುವ ಟೋಪಿ ಮಾಡುತ್ತಾಳೆ. ಊರವರು ಅದಕ್ಕೆ ಕ್ಯಾಪ್ ಅನ್ನುತ್ತಾರೆ, ಡಾಕ್ಟರುಗಳು ಕ್ರೌನ್ ಅನ್ನುತ್ತಾರೆ. ಕ್ರೌನ್ ಎಂದರೆ ಕಿರೀಟವಂತೆ. "ನನ್ನ ಬಾಯಲ್ಲಿ ಮೂರು ರಾಜರವ್ರೆ, ಮಿಕ್ಕಿದ್ ಸೈನ್ಯ ಎಲ್ಲಾ ಸತ್ತೋಗೈತೆ" ಎಂದು ನಾನು ಬಂದವರಿಗೆಲ್ಲ ಬಾಯಿ ತೆರೆದು ತೋರಿಸುತ್ತೇನೆ.

ಅವಳ ಇನ್ನೊಂದು ಕೆಲಸ ಯಾವ ಬೋರ್ಡಿನಲ್ಲೂ ಬರೆದಿಲ್ಲ. ಕಚ್ಚಿ ಎಸೆದಿದ್ದ ಸೀಬೆಕಾಯಿ ನೋಡಿ ಚರ್ಚಿನ ಹುಂಡಿ ಒಡೆದವನನ್ನು ಹಿಡಿದಳು. ಅಂದಿನಿಂದ ಕೋಲಾರ ಜಿಲ್ಲೆಯ ಅರ್ಧ ಜನ ನಮ್ಮ ಜಗಲಿಯ ಮೇಲೇ ಕೂತಿರುತ್ತಾರೆ. ಅರ್ಧ ಅಲ್ಲದಿದ್ದರೆ ಕಾಲು ಭಾಗವಂತೂ ಖಂಡಿತ.

ಅರುಣ ರಾಧಳಿಗೆ ನೀರು ಕೊಟ್ಟು, ಎದುರಿಗೆ ಮಣೆ ಹಾಕಿಕೊಂಡು ಕೂತಳು. "ಮೊದಲಿನಿಂದ ಹೇಳಮ್ಮ."

ರಾಧಳ ಗಂಡ ನಾಗೇಶ್ ಬಂಗಾರಪೇಟೆಯ ವೆಂಕಟೇಶಪ್ಪನವರ ನಾಟಕದ ಸಾಮಾನಿನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾನೆ. ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರಿಗೆ ಕಿರೀಟ, ಗದೆ, ಭುಜಕೀರ್ತಿ ಒಯ್ದು, ವೇಷ ಕಟ್ಟಿ, ಆಟ ಮುಗಿದ ಮೇಲೆ ವಾಪಸು ತರುವುದು ಅವನ ಕೆಲಸ. ಎರಡು ವಾರದ ಹಿಂದೆ ಕಾಮಸಮುದ್ರದ ಆಚೆಯ ಒಂದು ಹಳ್ಳಿಗೆ ಹೋಗಿದ್ದ. ಮಂಗಳವಾರ ನಾಟಕ. ಶನಿವಾರವೇ ಹೋಗಿ ಎಲ್ಲರ ತಲೆಗೂ ಕಿರೀಟ ಕೂರಿಸಿ ನೋಡಿದ. ಭಾನುವಾರ ಬೆಳಗ್ಗೆ ಅಭಿಮನ್ಯುವಿನ ಪಾತ್ರದ ಹುಡುಗ ಗೋಪಿನಾಥ್ ಹಾಲಿನ ಕ್ಯಾನು ಹಾಕಿಕೊಂಡು ಗಾಡಿಯಲ್ಲಿ ಹೊರಟವನು ಲಾರಿಗೆ ಸಿಕ್ಕಿ ತೀರಿಕೊಂಡ. ಇಪ್ಪತ್ತನಾಲ್ಕು ವರ್ಷ. ಸೋಮವಾರ ಮಣ್ಣಾಯಿತು, ನಾಟಕ ನಿಂತಿತು. ಮಂಗಳವಾರ ನಾಗೇಶ್ ಕಿರೀಟ ತುಂಬಿದ ಎಲ್ಲ ಬಿದಿರು ಪುಟ್ಟಿಗಳನ್ನೂ ಬಂಗಾರಪೇಟೆಗೆ ತಂದಿಳಿಸಿದ.

"ಆರ್ ದಿನ ಆದ್ಮೇಲೆ ಬೇರೆ ಊರ್ನೋರು ಬಂದ್ರಮ್ಮ. ಕಾಯಿ ಒಡ್ದು ಪುಟ್ಟಿ ತೆಗುದ್ರೆ ಅಭಿಮನ್ಯು ಕಿರೀಟನೇ ಇಲ್ಲ! ಯಜಮಾನ್ರ ಅಪ್ಪ ಕೈಯಾರೆ ಮಾಡಿದ್ದಂತೆ ಅದು. ನಮ್ಮೋರೇ ಯಾರ್ಗೋ ಮಾರ್ಕೊಂಡವ್ರೆ ಅಂತ ಅಂಗ್ಡಿಯಿಂದ ಆಚೆ ಆಕುದ್ರು. ಸೋಮವಾರದೊಳ್ಗೆ ಬರ್ದಿದ್ರೆ ಪೊಲೀಸ್ಗೆ ಕೊಡ್ತಾರಂತೆ. ನಮ್ಮೋರು ನಾಕ್ ದಿನದಿಂದ ಅನ್ನ ಮುಟ್ಟಿಲ್ಲ. ಎದ್ದೋಗಿ ಏನಾದ್ರೂ ಮಾಡ್ಕೊಂಡಾರು ಅಂತ ಅವ್ರ್ ಚಪ್ಲಿ ಆಕೊಂಡ್ ಬಂದಿವ್ನಿ."

ಆವತ್ತು ಶುಕ್ರವಾರ. ಅರುಣ ಕೈಯಲ್ಲಿದ್ದ ಹಲ್ಲನ್ನು ಡಬ್ಬಿಗೆ ಹಾಕಿ ಮುಚ್ಚಿದಳು. "ಅಕ್ಕಾ, ಸೀರೆ ಬದಲಾಯಿಸಿ. ಬಂಗಾರಪೇಟೆಗೆ ಹೋಗೋಣ."

ವೆಂಕಟೇಶಪ್ಪನವರ ಅಂಗಡಿಯ ಒಳಗೆ ಹೋದರೆ ದೇವಲೋಕವನ್ನೇ ಗೋಡೆಗೆ ನೇತುಹಾಕಿದಂತಿತ್ತು. ದುರ್ಯೋಧನನದು ಗೋಪುರದ ಹಾಗೆ ಎತ್ತರ, ಕೃಷ್ಣನದಕ್ಕೆ ನವಿಲುಗರಿ, ಯಮನದಕ್ಕೆ ಎರಡು ಕೊಂಬು. ಹೆಣ್ಣು ಪಾತ್ರಗಳದು ಅಂಗೈಯಷ್ಟೇ. ನಮ್ಮನ್ನು ಅಲ್ಲೂ ಅಷ್ಟರಲ್ಲೇ ಮುಗಿಸಿದ್ದಾರೆ ಎಂದುಕೊಂಡೆ. ಯಜಮಾನರಿಗೆ ಎಪ್ಪತ್ತು ದಾಟಿತ್ತು. ಅವರ ಸ್ವಂತ ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ.

"ಅವ್ನ ಮೇಲೆ ನಂಗೇನ್ ದ್ವೇಸ್ವೇನಮ್ಮಾ? ಮಗನಂಗೆ ಸಾಕ್ದೆ" ಎಂದು ಬಿದಿರಿನ ದುಂಡು ಪುಟ್ಟಿಯೊಂದನ್ನು ಮುಂದಿಟ್ಟರು. "ಆ ಊರ್ಗೂ ನಾನೇ ಓಗ್ ಬಂದೆ. ಎಲ್ಲಾರ್ನೂ ಕೇಳ್ದೆ. ಯಾರೂ ಕಂಡಿಲ್ಲ ಅಂದ್ರು. ಇನ್ಯಾರು ತಗೋತಾರೆ? ಪುಟ್ಟಿ ತಂದೋನು ಇವ್ನೇ. ಬರಿ ಪುಟ್ಟಿ ಅಗುರ ಅಂತ ಗೊತ್ತಾಗ್ಬಾರ್ದು ಅಂತ ಇದನ್ನ ತುಂಬವ್ನೆ ನೋಡಿ."

ಪುಟ್ಟಿಯಲ್ಲಿದ್ದುದು ಒಂದು ಸಿಂಬೆ. ತಲೆಯ ಮೇಲೆ ಹೊರೆ ಹೊರುವ ಹೆಂಗಸರು ನೆತ್ತಿಗೂ ಹೊರೆಗೂ ನಡುವೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಹಳೆಯ ಹಸಿರು ಸೀರೆ ಸುತ್ತಿ ಮಾಡಿದ್ದು, ಎಣ್ಣೆ ಕುಡಿದು ಕಪ್ಪಾಗಿತ್ತು. ಅದರ ನಡುವಿನ ತೂತಿನಲ್ಲಿ ಚಿಂದಿಯಲ್ಲಿ ಕಟ್ಟಿದ ಒಂದು ಹಿಡಿ ರಾಗಿ. ಪುಟ್ಟಿಯ ತಳದಲ್ಲಿ ಮೂರು ಬಟ್ಟೆಪಟ್ಟಿಗಳು.

ಅರುಣ ಮೊದಲು ಎತ್ತಿಕೊಂಡಿದ್ದು ಆ ಪಟ್ಟಿಗಳನ್ನು. "ಇವೇನು?"

ರಾಧ ಮನೆಯಿಂದ ಕರೆತಂದು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂರಿಸಿದ್ದ ನಾಗೇಶ್ ಅಲ್ಲಿಂದಲೇ ಹೇಳಿದ. ಅವನ ದನಿ ಬಾವಿಯ ಒಳಗಿಂದ ಬಂದಂತಿತ್ತು. "ಕಿರೀಟ ಒಳ್ಗೆ ಒಲಿಯೋ ಪಟ್ಟಿ ಅಮ್ಮ. ಗೋಪಿನಾಥಂದು ಸಣ್ ತಲೆ. ಕಿರೀಟ ಕುಣಿಯೋದು. ಮೂರ್ ಪಟ್ಟಿ ಒಲ್ದು ಕೂರುಸ್ದೆ. ಶನಿವಾರ ಅಳತೆ ಸರೋಗಿತ್ತು."

"ತಂದವನು ಯಾಕೆ ಪುಟ್ಟಿ ತೆಗೆದು ನೋಡಲಿಲ್ಲ?"

"ಪೂಜೆ ಮಾಡ್ದೆ ಕಿರೀಟದ ಪುಟ್ಟಿ ತೆಗ್ಯಂಗಿಲ್ಲಮ್ಮ. ಸಾವಿನ್ ಊರಾಗೆ ಕಾಯಿ ಎಂಗ್ ಒಡೀಲಿ? ಅಗ್ಗ ಬಿಗ್ದು ತಂದು ಇಟ್ಟೆ. ಅದೇ ನಾನ್ ಮಾಡಿದ್ ತಪ್ಪು." ತಲೆ ತಗ್ಗಿಸಿಯೇ ಮಾತು ಮುಂದುವರಿಸಿದ. "ಕಿರೀಟ ಅಂದ್ರೆ ನಮ್ಗೆ ದೇವ್ರಮ್ಮ. ಒಂದ್ಸಲ ತಲೆ ಮ್ಯಾಗಿಟ್ರೆ ಎತ್ತ ಅಪ್ಪ ಅಮ್ಮ ಕೂಡ ಅವ್ನ ಲೇ ಅನ್ನಂಗಿಲ್ಲ. ಬನ್ನಿ, ಓಗಿ ಅಂತಾನೇ ಅನ್ಬೇಕು. ಅಂತಾದ್ನ ನಾನ್ ಮಾರ್ತೀನಾ?"

ವೆಂಕಟೇಶಪ್ಪ ಮುಖ ಆಚೆ ತಿರುಗಿಸಿದರು.

ಅರುಣ ಪಟ್ಟಿಯ ಅಂಚನ್ನು ಬೆಳಕಿಗೆ ಹಿಡಿದಳು. ಹಲ್ಲು ನೋಡುವ ಭೂತಗನ್ನಡಿ ಅವಳ ಚೀಲದಲ್ಲಿ ಸದಾ ಇರುತ್ತದೆ. ನನಗೂ ತೋರಿಸಿದಳು. ಹೊಲಿಗೆಯ ದಾರದ ಜೊತೆಗೆ ಬಟ್ಟೆಯೂ ಗರಗಸದಲ್ಲಿ ಎಳೆದಂತೆ ಕೊಯ್ದುಹೋಗಿತ್ತು. ಸಾಲಾಗಿ ಸಣ್ಣ ಹಲ್ಲಿನ ಗುರುತು, ನಡುವೆ ಒಂದು ಕಡೆ ಮಾತ್ರ ಖಾಲಿ.

"ಯಾವ್ದಾದ್ರೂ ಮುದ್ಕೀ ಕಚ್ಚಿರ್ಬೇಕು, ನನ್ನಂತೋಳು" ಎಂದೆ. ಅರುಣ ನಗಲಿಲ್ಲ.

ಕಿರೀಟ ತಯಾರಿಸಿದ ಮರದ ಅಚ್ಚು ಇನ್ನೂ ಅಂಗಡಿಯಲ್ಲಿತ್ತು. ಅದರ ಸುತ್ತ ದಾರ ಹಿಡಿದು ಅಳತೆ ತೆಗೆದುಕೊಂಡಳು. ಸಿಂಬೆ, ಪಟ್ಟಿಗಳ ಜೊತೆ ಪುಟ್ಟಿಯನ್ನೂ ಕೇಳಿ ಪಡೆದಳು.

ಶನಿವಾರ ಬೆಳಗ್ಗೆ ಕಾಮಸಮುದ್ರದ ಬಸ್ಸು ಹತ್ತಿದೆವು. ನಾಗೇಶನನ್ನೂ ಕರೆದುಕೊಂಡೆವು. ಪುಟ್ಟಿ ನನ್ನ ಮಡಿಲಲ್ಲಿತ್ತು.

"ಕಳ್ಳ ಆದೋನು ಪುಟ್ಟಿಗೆ ಕಲ್ಲ್ ತುಂಬ್ತಾನೆ, ಇಲ್ಲ ಉಲ್ಲ್ ತುಂಬ್ತಾನೆ" ಎಂದೆ. "ರಾಗಿ ಯಾಕ್ ಕಟ್ಟಿಟ್ಟ? ನಾನಂತೂ ಎಪ್ಪತ್ತೊಂದ್ ವರ್ಸದಲ್ಲಿ ಅನ್ನ ಇಕ್ಕೋ ಕಳ್ಳನ್ನ ಕಂಡಿಲ್ಲ."

"ನಿಮ್ಮ ಮನೆಗೆ ಪಕ್ಕದ ಮನೆಯವರು ಪಾತ್ರೆಯಲ್ಲಿ ಹುಳಿ ಕೊಟ್ಟರೆ ಪಾತ್ರೆ ಹೇಗೆ ವಾಪಸು ಕೊಡ್ತೀರಿ?"

"ತೊಳ್ದು... ಬರಿ ಪಾತ್ರೆ ಕೊಡ್ತಾರೇನೆ? ಒಂದ್ ಚೂರು ಬೆಲ್ಲನೋ, ಒಂದಿಡಿ ರಾಗಿನೋ..."

ಹೇಳುತ್ತ ಹೇಳುತ್ತ ನನ್ನ ಕಣ್ಣು ಮಡಿಲಿನ ಪುಟ್ಟಿಯ ಮೇಲೆ ಬಿತ್ತು. ಅರುಣ ಕಿಟಕಿಯ ಕಡೆ ತಿರುಗಿ ಕೂತಳು.

ಆ ಹಳ್ಳಿಯ ಭಜನೆ ಮನೆ ಒಂದೇ ಕೋಣೆಯದು. ಬಾಗಿಲಿಗೆ ಬರೀ ಚಿಲಕ. ನಾಗೇಶ್ ಪುಟ್ಟಿಗಳನ್ನು ಇಟ್ಟಿದ್ದೂ ಮಲಗಿದ್ದೂ ಅಲ್ಲೇ. ಸೋಮವಾರ ಮಧ್ಯಾಹ್ನ ಚಟ್ಟಕ್ಕೆ ಬಿದಿರು ತರಲು ಎಲ್ಲರ ಜೊತೆ ಅವನೂ ಹೋಗಿದ್ದನಂತೆ. ಆಗ ಯಾರು ಬೇಕಾದರೂ ಒಳಗೆ ಹೋಗಿ ಬರಬಹುದಿತ್ತು.

ಮೊದಲು ಸಿಕ್ಕವನು ಬೈರೇಶ್. ನಾಟಕದಲ್ಲಿ ಕರ್ಣ. ಅವನ ತಲೆ ನಮ್ಮ ಕಡೆಯ ಸಂತೆಯಲ್ಲಿ ಸಿಗುವ ಅತಿ ದೊಡ್ಡ ಕುಂಬಳಕಾಯಿಗಿಂತ ಒಂದು ಸುತ್ತು ದೊಡ್ಡದು. ಅಭಿಮನ್ಯುವಿನ ಪಾತ್ರ ತನಗೇ ಬೇಕೆಂದು ಅವನು ಗೋಪಿನಾಥನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದನೆಂದು ನಾಗೇಶ್ ದಾರಿಯಲ್ಲೇ ಹೇಳಿದ್ದ. ನನಗೆ ಅಲ್ಲೇ ಕಳ್ಳ ಸಿಕ್ಕಿಬಿಟ್ಟ.

"ನೋಡೇ," ಎಂದು ಅರುಣಳ ಕಿವಿಯಲ್ಲಿ ಹೇಳಿದೆ. "ಪಟ್ಟಿ ಕಿತ್ತಿರೋದು ಯಾಕೆ? ಗೋಪಿನಾಥನ್ಗಿಂತ ದೊಡ್ ತಲೆ ಅದ್ರೊಳ್ಗೆ ಓಗ್ಲಿ ಅಂತ. ಈ ಊರಾಗೆ ಅದ್ಕಿಂತ ದೊಡ್ ತಲೆ ಇನ್ಯಾವ್ದೈತೆ?"

"ನೀವು ಹೇಳಿದ್ದು ಅರ್ಧ ಸರಿ ಅಕ್ಕಾ" ಎಂದು ಅರುಣ ದಾರ ತೆಗೆದಳು. "ಬೈರೇಶಣ್ಣ, ಸ್ವಲ್ಪ ಕೂತ್ಕೋ."

ಅವನು ಗಾಬರಿಯಾಗಿ ಕೂತ. ಅಚ್ಚಿನ ದಾರ ಅವನ ತಲೆಯ ಸುತ್ತ ಬರಲೇ ಇಲ್ಲ, ನಾಲ್ಕು ಬೆರಳು ಕಡಿಮೆ ಬಿತ್ತು. ಪಟ್ಟಿ ಕಿತ್ತರೂ ಆ ಕಿರೀಟ ಅವನ ನೆತ್ತಿಯ ಮೇಲೆ ದೋಸೆಯ ಹಾಗೆ ಕೂರುತ್ತಿತ್ತೇ ಹೊರತು ಒಳಗೆ ಇಳಿಯುತ್ತಿರಲಿಲ್ಲ.

"ನಾನ್ ತಗೊಂಡಿಲ್ಲಮ್ಮಾ" ಎಂದ ಬೈರೇಶ್. ಅವನ ಕಣ್ಣು ತುಂಬಿತು. "ಮಾತ್ ಬಿಟ್ಟಿದ್ದೆ, ನಿಜ. ಆಡ್ಸೋಣ ಅನ್ನೊಷ್ಟ್ರಲ್ಲಿ ಓಗ್ಬುಟ್ಟ. ಗುಂಡಿ ತೋಡ್ದೋನು ನಾನೇ. ಇಳಿಸ್ದೋನೂ ನಾನೇ."

"ಅಲ್ಲಿ ಏನೇನಾಯ್ತು, ಹೇಳಣ್ಣ."

"ಏನಿರ್ತದೆ? ಇಳ್ಸಿದ್ವಿ. ಮಣ್ಣಾಕೋಕ್ ಮುಂಚೆ ಶ್ರೀನಿವಾಸಪ್ಪಣ್ಣ, ಅವ್ನ ಅಪ್ಪ, ಒಬ್ರೇ ಗುಂಡಿಗಿಳುದ್ರು. ಟವಲಲ್ಲಿ ಅವ್ನ ಬಟ್ಟೆ ಗಂಟು ತಂದಿದ್ರು, ತಲೆ ಅತ್ರ ಇಟ್ರು. ಬಿಳಿ ಬಟ್ಟೆ ಎತ್ತಿ ಮಕ ನೋಡ್ತಿದ್ರು. ನಾವೆಲ್ಲ ಆ ಕಡೆ ತಿರುಗ್ಕೊಂಡು ನಿಂತ್ವಿ. ಅದ್ನ ನೋಡೋಕಾಗ್ತದಾ? ಆಮೇಲೆ ಅವ್ರೇ ಬಟ್ಟೆ ಮುಚ್ಚಿ, ತಲೆ ಕಡೆ ಮಣ್ಣೂ ಕೈಯಾರೆ ಎಳುದ್ರು."

ಅರುಣ ದಾರವನ್ನು ನಿಧಾನವಾಗಿ ಬೆರಳಿಗೆ ಸುತ್ತಿಕೊಂಡಳು.

ಶ್ರೀನಿವಾಸಪ್ಪನವರ ಮನೆಯ ಮುಂದೆ ನಾವು ನಿಂತಾಗ ಅವರ ಹೆಂಡತಿ ಅಶ್ವತ್ಥಮ್ಮ ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ನೋಡಿದರೆ ನನ್ನ ಅಕ್ಕನ ಹಾಗಿದ್ದಳು. ಹೊರೆ ಇಳಿಸಲು ಕೈ ಕೊಟ್ಟೆ. ತಲೆಯ ಮೇಲೆ ಸೆರಗು ಮಡಿಸಿ ಇಟ್ಟುಕೊಂಡಿದ್ದಳು, ಅದೂ ಜಾರಿ ಹಣೆಯ ಮೇಲೆ ಹುಲ್ಲು ಗೀರಿ ಕೆಂಪಾಗಿತ್ತು.

"ಸಿಂಬೆ ಮಡಿಕ್ಕೊಳ್ಳೋದಲ್ವೇನಮ್ಮಾ?" ಎಂದೆ.

"ಎಲ್ಲೋ ಕಳ್ದೋಯ್ತಕ್ಕ. ಅವತ್ತಿಂದ ಸಿಕ್ಕಿಲ್ಲ. ಇನ್ನೊಂದ್ ಸುತ್ತೋಕೆ ಕೈಯೇ ಏಳಲ್ಲ."

ಅವಳ ಹಣೆಗೆ ಅಂಟಿದ್ದ ಹುಲ್ಲನ್ನು ನಾನು ತೆಗೆದೆ.

ಒಳಗೆ ಗೋಪಿನಾಥನ ಫೋಟೋ ಇತ್ತು. ಶನಿವಾರ ಯಾರೋ ಫೋನಿನಲ್ಲಿ ತೆಗೆದಿದ್ದನ್ನು ದೊಡ್ಡದು ಮಾಡಿಸಿದ್ದರು. ತಲೆಯ ಮೇಲೆ ಕಿರೀಟ, ಮೈಮೇಲೆ ಹಾಲಿನ ಡೇರಿಯ ಟೀ ಶರ್ಟು, ಮೂವತ್ತೆರಡು ಹಲ್ಲೂ ಕಾಣುವ ನಗು. ಗೋಡೆಯ ಮೊಳೆಯಲ್ಲಿ ಪೇಪರು ಸುತ್ತಿದ ಒಂದು ಪೊಟ್ಟಣ ನೇತಾಡುತ್ತಿತ್ತು.

ಅರುಣಳ ಕಣ್ಣು ಅದರ ಮೇಲಿದ್ದುದನ್ನು ಕಂಡು ಅಶ್ವತ್ಥಮ್ಮನೇ ಹೇಳಿದಳು. "ಬಾಸಿಂಗ ಕಣಮ್ಮ. ಮದ್ವೆ ಆಗ್ದಿರೋ ಮಗ. ಬಾಸಿಂಗ ಕಟ್ಟಿ, ಎಕ್ಕದ್ ಗಿಡಕ್ಕೆ ಮದ್ವೆ ಮಾಡಿ ಕಳ್ಸಿ ಅಂತ ಕಾಲ್ ಇಡ್ಕೊಂಡೆ. ಆಸ್ಪತ್ರೆನೋರು ಕುಯ್ದು, ತಲೆ ತುಂಬ ದಪ್ಪುಕ್ಕೆ ಬಟ್ಟೆ ಸುತ್ತಿ ಕಳ್ಸಿದ್ರು. ಅದ್ರ್ ಮ್ಯಾಲೆ ಎಲ್ಲಿ ಕಟ್ಟೋದು, ಒತ್ತು ಮುಳುಗ್ತದೆ ಅಂದ್ರು ಇವ್ನಪ್ಪ. ಬರಿ ತಲೇಲಿ ಕಳ್ಸ್ದೆ ನನ್ ಮಗುನ್ನ. ಮೂರ್ ದಿನ ಆದ್ಮೇಲೆ ಬಂಗಾರಪೇಟೆಯಿಂದ ಬಾಸಿಂಗ ತರಿಸ್ದೆ. ಯಾರ್ಗ್ ಕಟ್ಲಿ?"

ನಾನು ಅವಳ ಕೈ ಹಿಡಿದುಕೊಂಡೆ.

"ಆ ಶನಿವಾರ ಕಿರೀಟ ಇಟ್ಕೊಂಡು ಮನೆಗ್ ಓಡ್ ಬಂದ" ಎಂದಳು ಅವಳು. "ಇವ್ನಪ್ಪ ಆಲ್ ಕರೀತಿದ್ರು. ನಾಟ್ಕ ಅಂದ್ರೆ ಅವ್ರ್ಗೆ ಆಗಲ್ಲ. 'ಅಪ್ಪಾ, ಕಿರೀಟ ಇಟ್ಟಿವ್ನಿ, ಇವಾಗ ಲೇ ಅನ್ನಂಗಿಲ್ಲ ನೀನು. ಒಂದೇ ಒಂದ್ಸಲ ನೋಡು' ಅಂದ. ಇವ್ರು ತಲೆನೇ ಎತ್ಲಿಲ್ಲ. 'ಲೇ, ಎಮ್ಮೆಗ್ ನೀರಿಡು' ಅಂದ್ರು."

ಅರುಣ ಎದ್ದು ಹೊರಗೆ ಹೋದಳು. ಕೊಟ್ಟಿಗೆಯಲ್ಲಿ ಶ್ರೀನಿವಾಸಪ್ಪ ನಮ್ಮ ಕಡೆ ಬೆನ್ನು ಹಾಕಿ ಎಮ್ಮೆಯ ಮೈ ತೊಳೆಯುತ್ತಿದ್ದರು. ಸೂರಿನ ಸಂದಿಯಲ್ಲಿ ಹುಲ್ಲು ಕೊಯ್ಯುವ ಕುಡುಗೋಲು ಸಿಕ್ಕಿಸಿತ್ತು. ಅರುಣ ಅದರ ಗರಗಸದಂಥ ಅಂಚಿನ ಮೇಲೆ ಬೆರಳು ಇಟ್ಟು ಮೆಲ್ಲಗೆ ಎಳೆದಳು. ಒಂದು ಕಡೆ ಬೆರಳು ನಿಂತಿತು. ಶ್ರೀನಿವಾಸಪ್ಪ ತಿರುಗಿ ನೋಡಿದರು. ಎಮ್ಮೆ ಬಾಲ ಬೀಸಿ ನನ್ನ ಸೀರೆಗೆಲ್ಲ ಕೆಸರು ಹಾರಿಸಿತು.

ಬಸ್ಸಿಗೆ ಕಾಯುತ್ತ ನಿಂತಾಗ ಅರುಣ ಹೇಳಿದಳು. "ಗೊತ್ತಾಯ್ತು ಅಕ್ಕಾ. ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತು."

"ಏಳ್ದೆ ಸುಮ್ಕಿದ್ಬುಡೇ."

"ಹಾಗಾದರೆ ನಾಗೇಶ?"

ಅವನು ಆಚೆ ಮೈಲಿಗಲ್ಲಿನ ಮೇಲೆ ಒಬ್ಬನೇ ಕೂತಿದ್ದ. ಬೆಳಗ್ಗಿನಿಂದ ನೀರನ್ನೂ ಮುಟ್ಟಿರಲಿಲ್ಲ.

ಬಂಗಾರಪೇಟೆಯಲ್ಲಿ ಇಳಿದವಳೇ ಅರುಣ ವೆಂಕಟೇಶಪ್ಪನವರ ಅಂಗಡಿಗೆ ಒಬ್ಬಳೇ ಹೋದಳು. ನಮ್ಮನ್ನು ಹೊರಗೆ ನಿಲ್ಲಿಸಿದಳು. ಅರ್ಧ ಗಂಟೆ ಮಾತಾಡಿದ್ದು ಏನೆಂದು ಕೇಳಿಸಲಿಲ್ಲ. ಕೊನೆಗೆ ಮುದುಕರ ದನಿ ಮಾತ್ರ ಕೇಳಿಸಿತು. "ಮಾತ್ ಕೊಟ್ಟೆ ಓಗಮ್ಮ. ನಮ್ಮಪ್ಪನಾಣೆ."

ಭಾನುವಾರ ಬೆಳಗ್ಗೆ ಹತ್ತಕ್ಕೆ ಆ ಹಳ್ಳಿಯ ಭಜನೆ ಮನೆಯಲ್ಲಿ ಎಲ್ಲರೂ ಸೇರಿದರು. ವೆಂಕಟೇಶಪ್ಪ ಗೋಡೆಗೆ ಒರಗಿ ಕೂತಿದ್ದರು. ನಾಗೇಶನೂ ರಾಧಳೂ ಬಾಗಿಲ ಹತ್ತಿರ. ಬೈರೇಶ್, ಊರಿನ ನಾಲ್ಕು ಹಿರಿಯರು. ಶ್ರೀನಿವಾಸಪ್ಪ ಕಂಬಕ್ಕೆ ಆತು ನಿಂತಿದ್ದರು. ಅಶ್ವತ್ಥಮ್ಮ ನನ್ನ ಪಕ್ಕದಲ್ಲಿ. ಪುಟ್ಟಿ ನಡುವಿನಲ್ಲಿತ್ತು, ಮುಚ್ಚಳ ಹಾಕಿತ್ತು.

"ಮೊದಲು ಒಂದು ಮಾತು" ಎಂದಳು ಅರುಣ. "ಕಿರೀಟ ಎಲ್ಲೇ ಇರಲಿ, ಅದನ್ನು ಅಲ್ಲಿಂದ ತೆಗೆಸುವುದಿಲ್ಲ, ಪೊಲೀಸರಿಗೆ ಹೇಳುವುದಿಲ್ಲ ಎಂದು ಯಜಮಾನರು ಮಾತು ಕೊಟ್ಟಿದ್ದಾರೆ. ಹೌದಲ್ವಾ?"

"ಔದು" ಎಂದರು ವೆಂಕಟೇಶಪ್ಪ.

ಕಂಬದ ಹತ್ತಿರ ಶ್ರೀನಿವಾಸಪ್ಪನವರ ಕೈ ಟವಲನ್ನು ಬಿಗಿಯಾಗಿ ಹಿಡಿಯಿತು.

"ನಾಗೇಶ ತೆಗೆದಿಲ್ಲ. ಕದ್ದು ಮಾರುವವನು ಒಳಗಿನ ಪಟ್ಟಿ ಬಿಚ್ಚಿಡುವುದಿಲ್ಲ, ಇದ್ದ ಹಾಗೇ ಒಯ್ಯುತ್ತಾನೆ. ಬಿಚ್ಚುವುದಿದ್ದರೂ, ಹೊಲಿದವನು ನಾಗೇಶನೇ, ಅವನ ಹತ್ತಿರ ಕತ್ತರಿ ಇತ್ತು. ಇದನ್ನು ಬಿಚ್ಚಿದ್ದು ಕತ್ತರಿಯಲ್ಲ." ಅವಳು ಪಟ್ಟಿ ಎತ್ತಿ ತೋರಿಸಿದಳು. "ಹಲ್ಲಿನ ಗುರುತು ಓದುವುದು ನನ್ನ ಕೆಲಸ. ಇದು ಕುಡುಗೋಲಿನ ಹಲ್ಲು. ಒಂದು ಹಲ್ಲು ಮುರಿದ ಕುಡುಗೋಲು. ದನ ಕಟ್ಟಿದವರ ಮನೆಯದು."

ಬೈರೇಶ್ ಪಟ್ಟಿಯನ್ನು ತೆಗೆದುಕೊಂಡು ನೋಡಿ ಪಕ್ಕದ ಹಿರಿಯರ ಕೈಗೆ ಕೊಟ್ಟ.

"ಹಲ್ಲಿಗೆ ಕ್ಯಾಪ್ ಕೂರದಿದ್ದರೆ ನಾವು ಒಳಗಿನಿಂದ ಕೆರೆದು ಜಾಗ ಮಾಡುತ್ತೇವೆ. ಪಟ್ಟಿ ಕಿತ್ತವರು ಮಾಡಿದ್ದೂ ಅದೇ. ಗೋಪಿನಾಥನಿಗೆ ಶನಿವಾರ ಸರಿಯಾಗಿ ಕೂತಿದ್ದ ಕಿರೀಟ ಅದಕ್ಕಿಂತ ದೊಡ್ಡ ತಲೆಗೆ ಬೇಕಾಗಿತ್ತು. ಬೈರೇಶಣ್ಣನ ತಲೆಗೆ ಅದು ಹೇಗೂ ಹಿಡಿಯುವುದಿಲ್ಲ. ಹಾಗಾದರೆ ಅಳತೆ ಇವೆರಡರ ನಡುವೆ ಇರಬೇಕು." ಅರುಣ ಸ್ವಲ್ಪ ತಡೆದಳು. "ಶನಿವಾರ ಸಣ್ಣದಾಗಿದ್ದು ಸೋಮವಾರ ದೊಡ್ಡದಾದ ತಲೆ ಈ ಊರಿನಲ್ಲಿ ಒಂದೇ ಒಂದು. ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿದ್ದು."

ನನ್ನ ಪಕ್ಕದಲ್ಲಿ ಅಶ್ವತ್ಥಮ್ಮ ತಟ್ಟನೆ ತಲೆ ಎತ್ತಿದಳು.

"ತೆಗೆದುಕೊಂಡವರು ಪುಟ್ಟಿಯನ್ನು ಬರಿದು ಮಾಡಿ ಬಿಡಲಿಲ್ಲ. ಇನ್ನೊಬ್ಬರ ಪಾತ್ರೆ ಬರಿದಾಗಿ ವಾಪಸು ಹೋಗಬಾರದು ಎಂದು ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಇಟ್ಟರು, ಜೊತೆಗೆ ಒಂದು ಹಿಡಿ ರಾಗಿ. ಕಳ್ಳರು ಹೀಗೆ ಮಾಡುವುದಿಲ್ಲ." ಅರುಣ ಮುಚ್ಚಳ ತೆಗೆದು ಸಿಂಬೆ ಎತ್ತಿದಳು.

"ನಂದು!" ಎಂದಳು ಅಶ್ವತ್ಥಮ್ಮ. "ಅದು ನನ್ ಸಿಂಬೆ!"

"ಗುಂಡಿಗೆ ಇಳಿದಾಗ ಟವಲಿನಲ್ಲಿ ಇದ್ದದ್ದು ಬಟ್ಟೆಯಲ್ಲ" ಎಂದು ಅರುಣ ಮೆಲ್ಲಗೆ ಹೇಳಿದಳು. ಯಾರ ಹೆಸರನ್ನೂ ಹೇಳಲಿಲ್ಲ.

ಹೇಳುವ ಅಗತ್ಯ ಬೀಳಲಿಲ್ಲ. ಶ್ರೀನಿವಾಸಪ್ಪ ಕಂಬ ಬಿಟ್ಟು ಮುಂದೆ ಬಂದರು. ಆನೆಯಂಥ ಆಳು. ನಾಗೇಶನ ಮುಂದೆ ನೆಲದ ಮೇಲೆ ಕೂತುಬಿಟ್ಟರು.

"ನಾನೇ ಕಣಪ್ಪ. ನಿನ್ ಮ್ಯಾಲ್ ಬತ್ತದೆ ಅಂತ ಗೊತ್ತಿರ್ಲಿಲ್ಲ. ಯಜಮಾನ್ರು ಊರ್ಗ್ ಬಂದ್ ಕೇಳ್ದಾಗ ಗೊತ್ತಾಯ್ತು. ಆಗ್ಲೂ ಬಾಯ್ ಬಿಡ್ಲಿಲ್ಲ. ಏಳುದ್ರೆ ಅಗೀತಾರೆ ಅಂತ ಬಯ. ಒಂದ್ಸಲ ಕುಯ್ದವ್ರೆ ನನ್ ಮಗುನ್ನ, ಇನ್ನೊಂದ್ಸಲ ತೋಡ್ತಾರಾ ಅಂತ. ನಿನ್ ಅನ್ನ ಕಿತ್ಕೊಂಡೆ. ಒಡಿ, ಬೈಯಿ, ಏನಾರ ಮಾಡು."

ನಾಗೇಶ್ ಅವರ ಎರಡೂ ಭುಜ ಹಿಡಿದ. ಇಪ್ಪತ್ತೆರಡು ವರ್ಷ ಕಿರೀಟ ಕೂರಿಸಿದವನು ಕೇಳುವ ಮಾತನ್ನೇ ಕೇಳಿದ.

"ಸರ್ಯಾಗ್ ಕೂತಿತ್ತಾ ಅಣ್ಣಾ?"

"ಕೂತಿತ್ತಪ್ಪ" ಎಂದರು ಶ್ರೀನಿವಾಸಪ್ಪ. "ಚೆಂದಾಗ್ ಕೂತಿತ್ತು. ಅವತ್ತು ಕೊಟ್ಟಿಗೇಲಿ ಬಂದ್ ನಿಂತ್ಕೊಂಡು ನೋಡಪ್ಪಾ ಅಂದ. ನಾನ್ ನೋಡ್ಲಿಲ್ಲ. ಅದ್ಕೆ ಗುಂಡಿಗಿಳ್ದು ಇಟ್ಟು ನೋಡ್ದೆ." ಅವರು ಟವಲಿನಿಂದ ಮುಖ ಒರೆಸಿಕೊಂಡರು. "ಕಿರೀಟ ಇಟ್ಕೊಂಡೋನ್ನ ಲೇ ಅನ್ಬಾರ್ದಂತೆ. ಉಟ್ಟಿದಾಗ್ನಿಂದ ಅವ್ನ ಲೇ ಅಂತಾನೇ ಕರ್ದಿದ್ದೆ. ಅವತ್ತ್ ಅನ್ಲಿಲ್ಲ. 'ಓಗ್ಬನ್ನಿ' ಅಂದೆ."

ಭಜನೆ ಮನೆಯಲ್ಲಿ ಗಂಡಸರೆಲ್ಲ ಅಳುತ್ತಿದ್ದರು. ನಾನು ಎಲ್ಲವನ್ನೂ ಹತ್ತು ಪಟ್ಟು ಮಾಡಿ ಹೇಳುವವಳು ನಿಜ, ಈ ಒಂದು ಮಾತನ್ನು ಇದ್ದಷ್ಟೇ ಹೇಳುತ್ತಿದ್ದೇನೆ. ಅಶ್ವತ್ಥಮ್ಮ ಮಾತ್ರ ಅಳಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು, ಅಂಥ ಒಬ್ಬ ಮನುಷ್ಯನನ್ನು ಅಂದೇ ಮೊದಲು ಕಂಡವಳಂತೆ.

"ನನ್ಗಾದ್ರೂ ಏಳ್ಬಾರ್ದಿತ್ತಾ?" ಎಂದಳು. "ಬರಿ ತಲೇಲಿ ಓದ ಅಂತ ಎಷ್ಟ್ ದಿನ ಸತ್ತೆ ನಾನು."

ಶ್ರೀನಿವಾಸಪ್ಪ ಎದ್ದು ಬಂದು ಅರುಣಳ ಕೈಯಿಂದ ಸಿಂಬೆ ತೆಗೆದುಕೊಂಡು ಎರಡೂ ಕೈಯಲ್ಲಿ ಹೆಂಡತಿಯ ಮುಂದೆ ಹಿಡಿದರು.

ವೆಂಕಟೇಶಪ್ಪ ಗೋಡೆ ಬಿಟ್ಟು ನೇರವಾಗಿ ಕೂತರು. "ನಮ್ಮಪ್ಪ ಅದ್ನ ಮಾಡಿದ್ದು ಅಭಿಮನ್ಯುಗೆ. ಅಭಿಮನ್ಯು ಅತ್ರಾನೇ ಐತೆ. ಕಳ್ದೋಗಿಲ್ಲ" ಎಂದವರು ಬಾಗಿಲ ಕಡೆ ತಿರುಗಿ ಗದರಿದರು. "ಲೇ ನಾಗೇಶ, ಏನ್ಲಾ ನೋಡ್ತಾ ಕೂತ್ಕೊಂಡೆ? ಎತ್ತಲಾ ಪುಟ್ಟಿನಾ. ನಾಳೆ ಅಂಗ್ಡಿ ಬೀಗ ತೆಗ್ಯೋರ್ ಯಾರು, ನಿಮ್ಮಪ್ಪನಾ?" ಎನ್ನುತ್ತ ಜೇಬಿನಿಂದ ಬೀಗದ ಕೈ ತೆಗೆದು ಅವನ ಕಡೆ ಚಾಚಿದರು. ರಾಧ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಾಗೇಶ್ ಪುಟ್ಟಿಗೆ ಕೈ ಹಾಕಿದ.

"ತಡಿಯಪ್ಪ" ಎಂದಳು ಅಶ್ವತ್ಥಮ್ಮ. "ಬರಿ ಪುಟ್ಟಿ ಓಗ್ಬಾರ್ದು."

ಮನೆಗೆ ಹೋಗಿ ಮೊಳೆಯಲ್ಲಿದ್ದ ಪೊಟ್ಟಣ ತಂದಳು. ಪೇಪರು ಬಿಚ್ಚಿದಳು. ಬೆಂಡಿನ ಬಾಸಿಂಗ, ಅಂಚಿಗೆ ಚಿನ್ನದ ಬಣ್ಣದ ಕಾಗದ. ಒಂದು ಸಲ ಅದನ್ನು ಕೆನ್ನೆಗೆ ಒತ್ತಿಕೊಂಡು, ಪುಟ್ಟಿಯೊಳಗಿನ ರಾಗಿಯ ಪಕ್ಕದಲ್ಲಿಟ್ಟು, ತಾನೇ ಮುಚ್ಚಳ ಹಾಕಿದಳು.

"ಅವ್ನಿಗ್ ಇನ್ ಬೇಡ ಇದು" ಎಂದಳು.

ಬಂಗಾರಪೇಟೆಯ ಬಸ್ಸಿನಲ್ಲಿ ಪುಟ್ಟಿ ಮತ್ತೆ ನನ್ನ ಮಡಿಲಿಗೇ ಬಂತು. ಅರುಣ ಕಣ್ಣು ಮುಚ್ಚಿ ಕೂತಿದ್ದಳು. ರಾಧ ಬಾಳೆಹಣ್ಣು ಸುಲಿದು ಒಂದೊಂದೇ ಚೂರು ಗಂಡನ ಕೈಗಿಡುತ್ತಿದ್ದಳು, ಅವನು ಒಂದೊಂದೇ ನುಂಗುತ್ತಿದ್ದ. ಕಂಡಕ್ಟರು ಬಂದು ಪುಟ್ಟಿಯನ್ನು ಬೆರಳಿನಿಂದ ತಟ್ಟಿದ.

"ಏನಜ್ಜಿ ಇದ್ರಲ್ಲಿ, ಕೋಳಿಗೀಳಿ ತುಂಬ್ಕೊಂಡಿದ್ದೀಯಾ?"

ಬೇರೆ ದಿನವಾಗಿದ್ದರೆ ಅವನಿಗೆ ಒಂದು ವಾರಕ್ಕಾಗುವಷ್ಟು ಉತ್ತರ ಕೊಡುತ್ತಿದ್ದೆ. ಅಂದು ಎರಡೂ ಕೈಯಲ್ಲಿ ಪುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

ನಾಗೇಶ್ ಹಿಂದಿನಿಂದ ಹೇಳಿದ. "ಕಿರೀಟ ಕಣಣ್ಣಾ. ಕೈ ತೆಗಿ, ಪೂಜೆ ಮಾಡ್ದೆ ಮುಟ್ಟಂಗಿಲ್ಲ."